ಕಮಲಾ ಸೊಹೊನಿ: ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಹಟ ಹಿಡಿದು ಸೀಟು ಪಡೆದ ಹುಡುಗಿ, ದೇಶಕ್ಕೆ ಜೀವರಸಾಯನ ಕಲಿಸಿದ ಮೇಡಂ

ಇಂದಿರಾಪುರಂ: 1933ನೇ ಇಸವಿ. ಬಾಂಬೆ ವಿಶ್ವವಿದ್ಯಾಲಯದ ಬಿಎಸ್ಸಿ ಫಲಿತಾಂಶ ಹೊರಬಿದ್ದಿತ್ತು. ರಸಾಯನಶಾಸ್ತ್ರ ಮುಖ್ಯ ವಿಷಯ, ಭೌತಶಾಸ್ತ್ರ ಉಪವಿಷಯ. ಮೆರಿಟ್ ಪಟ್ಟಿಯ ಮೊದಲ ಸಾಲಿನಲ್ಲಿದ್ದ ಹೆಸರು ಕಮಲಾ ಭಾಗವತ್. ವಯಸ್ಸು 22. ಮುಂದೇನು ಎಂಬ ಪ್ರಶ್ನೆಯೇ ಆ ಮನೆಯಲ್ಲಿ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಐಐಎಸ್‌ಸಿಗೆ ಅರ್ಜಿ ಹೋಯಿತು. ಉತ್ತರವೂ ಬಂತು. ಸೀಟು ಇಲ್ಲ. ಅಂಕ ಕಡಿಮೆಯಾಯಿತೆಂದಲ್ಲ, ಜಾಗ ಭರ್ತಿಯಾಗಿದೆ ಎಂದೂ ಅಲ್ಲ. ಅರ್ಜಿದಾರರು ಹೆಣ್ಣು ಎಂಬುದಷ್ಟೇ ಕಾರಣ.

ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ನೊಬೆಲ್ ಬಂದು ಮೂರು ವರ್ಷವಾಗಿತ್ತು. ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರೆಂದು ಅದೇ ವರ್ಷ ಬಂದಿದ್ದರು. ದೇಶವೇ ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದ ವಿಜ್ಞಾನಿಯ ನಿರ್ಧಾರವನ್ನು ಪ್ರಶ್ನಿಸುವ ಧೈರ್ಯ ಯಾರಿಗಿತ್ತು? 22ರ ಹುಡುಗಿಗೆ ಇತ್ತು. ಆಕೆ ರೈಲು ಹತ್ತಿ ಬೆಂಗಳೂರಿಗೆ ಬಂದರು.

ಮುಂದೆ ಡಾ. ಕಮಲಾ ಸೊಹೊನಿ ಎಂದು ಹೆಸರಾದವರು ಇವರೇ. ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಇವರನ್ನು ಗುರುತಿಸಲಾಗುತ್ತದೆ. (ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲೇ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಿಂದ ಡಿಎಸ್ಸಿ ಪಡೆದಿದ್ದರು. ಹಾಗಾಗಿ ಈ 'ಮೊದಲ' ಪಟ್ಟ ಯಾರಿಗೆ ಎಂಬ ಚರ್ಚೆ ಇದ್ದೇ ಇದೆ. ಆ ಚರ್ಚೆಗಿಂತ ಇಬ್ಬರ ಬದುಕೂ ದೊಡ್ಡದು.)

ಅಪ್ಪ ಓದಿದ ಸಂಸ್ಥೆಯಲ್ಲಿ ಮಗಳಿಗೆ ಜಾಗವಿಲ್ಲ

ಕಮಲಾ ಹುಟ್ಟಿದ್ದು 1911ರ ಜೂನ್ 18ರಂದು, ಇಂದೋರ್‌ನಲ್ಲಿ. ತಂದೆ ನಾರಾಯಣರಾವ್ ಭಾಗವತ್, ತಂದೆಯ ಸಹೋದರ ಮಾಧವರಾವ್ ಭಾಗವತ್ ಇಬ್ಬರೂ ರಸಾಯನಶಾಸ್ತ್ರಜ್ಞರು. ಇಬ್ಬರೂ ಬೆಂಗಳೂರಿನ ಇದೇ ಟಾಟಾ ಇನ್‌ಸ್ಟಿಟ್ಯೂಟ್‌ನ ಆರಂಭದ ವರ್ಷಗಳ ವಿದ್ಯಾರ್ಥಿಗಳು. ಜೆಮ್‌ಶೆಡ್‌ಜಿ ಟಾಟಾ ಕಂಡ ಕನಸಿಗೆ ಮೈಸೂರು ಅರಸರು 371 ಎಕರೆ ಜಾಗ ಕೊಟ್ಟು, 1909ರಲ್ಲಿ ಹುಟ್ಟಿಕೊಂಡ ಸಂಸ್ಥೆ ಅದು. ಮನೆಯಲ್ಲಿ ಊಟಕ್ಕೆ ಕೂತರೂ ವಿಜ್ಞಾನದ ಮಾತು ನುಸುಳುವ ವಾತಾವರಣ. ಅಪ್ಪನ ಹಾದಿಯಲ್ಲಿ ಮಗಳು ಹೊರಟಿದ್ದು ಸಹಜವೇ ಆಗಿತ್ತು.

ಈ ಮನೆಯ ಇನ್ನೊಬ್ಬ ಮಗಳ ಹೆಸರನ್ನು ಕನ್ನಡದ ಓದುಗರೂ ಕೇಳಿರುತ್ತಾರೆ. ಮರಾಠಿಯ ದೊಡ್ಡ ಲೇಖಕಿ, ಜಾನಪದ ವಿದ್ವಾಂಸೆ ದುರ್ಗಾ ಭಾಗವತ್. 1975ರಲ್ಲಿ ಕರಾಡದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆಯಾಗಿದ್ದು, ತುರ್ತು ಪರಿಸ್ಥಿತಿಯನ್ನು ಬಹಿರಂಗವಾಗಿ ವಿರೋಧಿಸಿ ಜೈಲಿಗೆ ಹೋದವರು. ಅಕ್ಕ ಸರ್ಕಾರಕ್ಕೆ ಹೆದರಲಿಲ್ಲ, ತಂಗಿ ನೊಬೆಲ್ ವಿಜೇತರಿಗೆ ಹೆದರಲಿಲ್ಲ. ಆ ಮನೆಯ ಹೆಣ್ಣುಮಕ್ಕಳ ಜಾಯಮಾನವೇ ಹಾಗಿತ್ತು ಎನ್ನಬೇಕು.

ಬೆಂಗಳೂರಿಗೆ ಬಂದ ಕಮಲಾ ರಾಮನ್ ಅವರನ್ನು ಕಂಡರು. ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದವಳಿಗೆ ಏಕೆ ಪ್ರವೇಶವಿಲ್ಲ ಎಂದು ಕೇಳಿದರು. ರಾಮನ್ ಜಗ್ಗಲಿಲ್ಲ. ಆಗ ಆಕೆ ಹಿಡಿದದ್ದು ಗಾಂಧೀಜಿಯ ಹಾದಿ. ಪ್ರವೇಶ ಸಿಗುವವರೆಗೆ ನಿರ್ದೇಶಕರ ಕಚೇರಿಯಲ್ಲೇ ಸತ್ಯಾಗ್ರಹ. ದೇಶದಲ್ಲಿ ಅಸಹಕಾರ, ಉಪ್ಪಿನ ಸತ್ಯಾಗ್ರಹಗಳನ್ನು ನೋಡುತ್ತ ಬೆಳೆದ ತಲೆಮಾರು ಅದು. ಬ್ರಿಟಿಷರ ವಿರುದ್ಧ ಕಲಿತ ಅಸ್ತ್ರವನ್ನು ಒಂದು ಪ್ರಯೋಗಾಲಯದ ಬಾಗಿಲು ತೆಗೆಸಲು ಬಳಸಿದವರು ಮಾತ್ರ ಅಪರೂಪ.

ಕೊನೆಗೆ ಬಾಗಿಲು ತೆರೆಯಿತು. ಪೂರ್ತಿಯಾಗಿ ಅಲ್ಲ, ಅರ್ಧ.

ಮೂರು ಷರತ್ತು

ಮೊದಲ ಒಂದು ವರ್ಷ ಆಕೆಯನ್ನು ನಿಯಮಿತ ವಿದ್ಯಾರ್ಥಿನಿ ಎಂದು ಪರಿಗಣಿಸುವುದಿಲ್ಲ. ಕೆಲಸ ತೃಪ್ತಿಕರ ಎನಿಸಿದರೆ ಮಾತ್ರ ಮಾನ್ಯತೆ. ಮಾರ್ಗದರ್ಶಕರು ಹೇಳಿದಾಗ ತಡರಾತ್ರಿಯವರೆಗೂ ದುಡಿಯಬೇಕು. ಮೂರನೆಯದು, ಪ್ರಯೋಗಾಲಯದ ವಾತಾವರಣ ಕೆಡಿಸಬಾರದು. ಬಿಡಿಸಿ ಹೇಳಿದರೆ, ಅಲ್ಲಿರುವ ಗಂಡಸರ ಗಮನ ಅತ್ತಿತ್ತ ಹೋಗದಂತೆ ನೋಡಿಕೊಳ್ಳುವ ಹೊಣೆಯೂ ಈ ಹುಡುಗಿಯದೇ!

ಕಮಲಾ ಒಪ್ಪಿದರು. ಆದರೆ ಮರೆಯಲಿಲ್ಲ. ಆರು ದಶಕಗಳ ಬಳಿಕ, ಮಹಿಳಾ ವಿಜ್ಞಾನಿಗಳ ಸಂಘದವರು ಮುಂಬೈನಲ್ಲಿ ಅವರನ್ನು ಕರೆದು ಗೌರವಿಸಿದಾಗಲೂ ಆ ಅವಮಾನದ ಮಾತು ಅವರ ಬಾಯಲ್ಲಿ ಬಂತು. ರಾಮನ್ ಎಷ್ಟೇ ದೊಡ್ಡ ವಿಜ್ಞಾನಿಯಾದರೂ ಈ ವಿಷಯದಲ್ಲಿ ಸಣ್ಣ ಮನಸ್ಸಿನವರಾಗಿದ್ದರು ಎಂಬ ಅಭಿಪ್ರಾಯವನ್ನು ಕೊನೆಯವರೆಗೂ ಅವರು ಬದಲಿಸಲಿಲ್ಲ.

ಆ ಷರತ್ತುಗಳಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಮೊದಲನೆಯದು ಎಂದೇ ಅನಿಸುತ್ತದೆ. ಮೂರನೆಯದು ಕೇಳಿದವರಿಗೆ ಥಟ್ಟನೆ ಸಿಟ್ಟು ಬರುತ್ತದೆ, ಸರಿ. ಆದರೆ ಸಂಶೋಧನೆ ಮಾಡುವವರಿಗೆ ಗೊತ್ತು, ಹೆಸರು ನೋಂದಣಿಯಾಗದ ಒಂದು ವರ್ಷ ಎಂದರೆ ಏನು ಎಂದು. ಕೆಲಸ ಮಾಡುತ್ತಿದ್ದೀರಿ, ಆದರೆ ಲೆಕ್ಕದಲ್ಲಿ ಇಲ್ಲ. ನಾಳೆ ಬೇಡ ಎಂದರೆ ಹಿಡಿದು ತೋರಿಸಲು ಕಾಗದವಿಲ್ಲ. ಜೊತೆಗೆ ಬಂದ ಹುಡುಗರು ಒಂದು ವರ್ಷ ಮುಂದಿರುತ್ತಾರೆ. ಇವತ್ತಿನ ಪಿಎಚ್‌ಡಿ ವಿದ್ಯಾರ್ಥಿಗಳು ನೋಂದಣಿ ತಡವಾಯಿತು, ಫೆಲೋಶಿಪ್ ಬಂದಿಲ್ಲ ಎಂದು ಪೇಚಾಡುವಾಗ ಅನುಭವಿಸುವುದು ಇದರದೇ ಇನ್ನೊಂದು ರೂಪ.

ಶ್ರೀನಿವಾಸಯ್ಯ ಎಂಬ ಗುರು

ಕಮಲಾ ಕತೆ ಹೇಳುವವರು ರಾಮನ್ ಪ್ರಸಂಗಕ್ಕೇ ನಿಂತುಬಿಡುತ್ತಾರೆ. ಅಲ್ಲಿ ಜಗಳವಿದೆ, ದೊಡ್ಡ ಹೆಸರಿದೆ. ಆದರೆ ಅವರನ್ನು ಸಂಶೋಧಕಿಯಾಗಿ ತಯಾರು ಮಾಡಿದವರು ಬೇರೆ. ಜೀವರಸಾಯನ ವಿಭಾಗದ ಎಂ. ಶ್ರೀನಿವಾಸಯ್ಯ.

ಮೈಸೂರು ಸೀಮೆಯ ಶ್ರೀಗಂಧದ ಮರಗಳನ್ನು ಕಾಡುತ್ತಿದ್ದ ಸ್ಪೈಕ್ ರೋಗದ ಬಗ್ಗೆ 1920ರ ದಶಕದಿಂದಲೂ ಕೆಲಸ ಮಾಡಿದ ವಿಜ್ಞಾನಿ ಇವರು. ಪಾಠದಲ್ಲಿ ಕಟ್ಟುನಿಟ್ಟು, ಕೆಲಸದಲ್ಲಿ ರಿಯಾಯಿತಿ ಇಲ್ಲ. ಬೆಳಗ್ಗೆ 5ಕ್ಕೆ ಶುರುವಾದರೆ ರಾತ್ರಿ 10ರವರೆಗೆ ಕಮಲಾ ಅವರ ದಿನಚರಿ ನಡೆಯುತ್ತಿತ್ತು. ಆದರೆ ಕಲಿಯುವ ಹಸಿವಿರುವ ವಿದ್ಯಾರ್ಥಿಗೆ ತಮ್ಮಲ್ಲಿರುವುದನ್ನೆಲ್ಲ ಕೊಡುವ ಗುಣ ಈ ಗುರುವಿನಲ್ಲಿತ್ತು. ಹುಡುಗಿ ಎಂದು ಕೆಲಸ ಕಡಿಮೆ ಕೊಡಲಿಲ್ಲ, ಹುಡುಗಿ ಎಂದು ಕಡೆಗಣಿಸಲೂ ಇಲ್ಲ.

ಕಮಲಾ ಕೈಗೆತ್ತಿಕೊಂಡ ವಿಷಯ ಆಹಾರದಲ್ಲಿರುವ ಪ್ರೋಟೀನ್‌ಗಳು. ಹಾಲು, ಬೇಳೆ, ಕಾಳು. ಅಡುಗೆಮನೆಯ ಡಬ್ಬಿಗಳಲ್ಲಿ ಇರುವ ಇದೇ ಸಾಮಗ್ರಿಗೆ ಆಗಿನ ಭಾರತದಲ್ಲಿ ಜೀವನ್ಮರಣದ ಪ್ರಾಮುಖ್ಯವಿತ್ತು. ಮಾಂಸ, ಮೊಟ್ಟೆ ಕೊಳ್ಳಲಾಗದ ಕೋಟ್ಯಂತರ ಜನರಿಗೆ ಪ್ರೋಟೀನ್ ಎಂದರೆ ಬೇಳೆಯೇ. ಯಾವ ಬೇಳೆಯಲ್ಲಿ ಯಾವ ಪ್ರೋಟೀನ್ ಎಷ್ಟಿದೆ, ಮೈಗೆ ಎಷ್ಟು ಹತ್ತುತ್ತದೆ ಎಂಬ ಪ್ರಶ್ನೆಯನ್ನು ಪ್ರಯೋಗಾಲಯದಲ್ಲಿ ಕೇಳುವವರು ಬೆರಳೆಣಿಕೆಯಷ್ಟು.

ಒಂದು ವರ್ಷ ಮುಗಿಯಿತು. ರಾಮನ್‌ಗೆ ತೃಪ್ತಿಯಾಯಿತು. ಕಮಲಾ ನಿಯಮಿತ ವಿದ್ಯಾರ್ಥಿನಿಯಾದರು. ಅಷ್ಟೇ ಅಲ್ಲ, ಆ ಬಳಿಕ ಸಂಸ್ಥೆಯ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು. 1936ರಲ್ಲಿ ತಮ್ಮ ಸಂಶೋಧನೆಯನ್ನು ಬಾಂಬೆ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿ ಡಿಸ್ಟಿಂಕ್ಷನ್‌ನೊಂದಿಗೆ ಎಂಎಸ್ಸಿ ಪಡೆದರು.

ಬಾಗಿಲು ತೆರೆದರೆ ಸಾಕೆ?

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗಬೇಕು. ಬಾಗಿಲು ತೆರೆದ ಮೇಲೆ ಒಳಗೆ ಹೋದವರಿಗೆ ಏನಾಯಿತು ಎಂಬುದನ್ನು ನೋಡದೆ ಕಮಲಾ ಅವರ ಗೆಲುವಿನ ಬೆಲೆ ತಿಳಿಯುವುದಿಲ್ಲ.

ರಾಮನ್ ತಮ್ಮ ಸ್ವಂತ ಪ್ರಯೋಗಾಲಯಕ್ಕೂ ಹೆಣ್ಣುಮಕ್ಕಳನ್ನು ಸೇರಿಸಿಕೊಂಡರು. ಲಲಿತಾ ದೊರೈಸ್ವಾಮಿ, ಸುನಂದಾ ಬಾಯಿ, ಅನ್ನಾ ಮಣಿ. ಲಲಿತಾ 1936ರಲ್ಲಿ ಖಭೌತ ವಿಜ್ಞಾನಿ ಎಸ್. ಚಂದ್ರಶೇಖರ್ ಅವರನ್ನು ಮದುವೆಯಾಗಿ ವಿದೇಶಕ್ಕೆ ಹೋದರು. ಸುನಂದಾ ಬಾಯಿ ಬೆಳಕಿನ ಚದುರುವಿಕೆಯ ಮೇಲೆ ಪ್ರಬಂಧಗಳನ್ನು ಪ್ರಕಟಿಸಿದರೂ ಡಾಕ್ಟರೇಟ್ ಅವರ ಕೈಸೇರಲಿಲ್ಲ. ಅನ್ನಾ ಮಣಿ ವಜ್ರ ಮತ್ತು ಮಾಣಿಕ್ಯದ ಹೊಳಪಿನ ಮೇಲೆ ವರ್ಷಗಟ್ಟಲೆ ದುಡಿದು, 1945ರಲ್ಲಿ ಪಿಎಚ್‌ಡಿ ಪ್ರಬಂಧವನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಎಂಎಸ್ಸಿ ಪದವಿ ಇಲ್ಲ ಎಂಬ ತಾಂತ್ರಿಕ ಕಾರಣ ನೀಡಿ ವಿಶ್ವವಿದ್ಯಾಲಯ ಪದವಿ ನಿರಾಕರಿಸಿತು. ಆ ಪ್ರಬಂಧ ಇಂದಿಗೂ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದೆ. ಅನ್ನಾ ಮಣಿ ಮುಂದೆ ದೇಶದ ಹವಾಮಾನ ಮಾಪನ ಉಪಕರಣಗಳಿಗೆ ಅಡಿಪಾಯ ಹಾಕಿದರು, ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕಿಯಾದರು. 'ಡಾಕ್ಟರ್' ಆಗಲಿಲ್ಲ.

ನಮ್ಮ ನಂಜನಗೂಡಿನ ರಾಜೇಶ್ವರಿ ಚಟರ್ಜಿ ಕೂಡ ಇದೇ ಸಂಸ್ಥೆಯಲ್ಲಿ ರಾಮನ್ ಕೈಕೆಳಗೆ ಸಂಶೋಧನೆ ಮಾಡಲು ಹೋದವರು. ಭೌತಶಾಸ್ತ್ರದ ಪದವಿ ಇಲ್ಲ ಎಂದು ಅಲ್ಲಿ ಜಾಗ ಸಿಗಲಿಲ್ಲ. ವಿದ್ಯುತ್ ತಂತ್ರಜ್ಞಾನ ವಿಭಾಗ ಸೇರಿ, ಸರ್ಕಾರಿ ವಿದ್ಯಾರ್ಥಿವೇತನದಲ್ಲಿ ಅಮೆರಿಕಕ್ಕೆ ಹೋಗಿ, ಪಿಎಚ್‌ಡಿ ಮುಗಿಸಿ ಅದೇ ಸಂಸ್ಥೆಗೆ ಪ್ರಾಧ್ಯಾಪಕಿಯಾಗಿ ಮರಳಿದರು.

ರಾಮನ್ ಅವರನ್ನು ಖಳನಾಯಕ ಮಾಡಿಬಿಟ್ಟರೆ ಕತೆ ಸುಲಭ. ಆದರೆ ಪದವಿ ತಪ್ಪಿಸಿದ್ದು ಒಬ್ಬ ವ್ಯಕ್ತಿಯ ಪೂರ್ವಗ್ರಹ ಮಾತ್ರವಲ್ಲ. ಯಾರು ಯಾವ ಕಾಗದ ತಂದಿದ್ದಾರೆ, ಯಾವ ನಿಯಮ ಯಾರಿಗೆ ಸಡಿಲ, ಯಾರಿಗೆ ಬಿಗಿ ಎಂಬ ಲೆಕ್ಕವೂ ಸೇರಿತ್ತು. ಕಮಲಾ ಜಾಣತನದಿಂದಲೋ ಅದೃಷ್ಟದಿಂದಲೋ ಮೊದಲು ಎಂಎಸ್ಸಿ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಬೆಂಗಳೂರು ಬಿಟ್ಟರು.

ಕೇಂಬ್ರಿಡ್ಜ್‌ನಲ್ಲಿ ಹಗಲಿಗೊಂದು ಮೇಜು

1937ರಲ್ಲಿ ವಿದ್ಯಾರ್ಥಿವೇತನದ ಬಲದಿಂದ ಕಮಲಾ ಕೇಂಬ್ರಿಡ್ಜ್‌ಗೆ ಹೋದರು. ಅಲ್ಲಿನ ಜೀವರಸಾಯನ ವಿಭಾಗದ ಮುಖ್ಯಸ್ಥರು ಸರ್ ಫ್ರೆಡರಿಕ್ ಗೌಲ್ಯಾಂಡ್ ಹಾಪ್ಕಿನ್ಸ್. ವಿಟಮಿನ್‌ಗಳ ಕುರಿತ ಕೆಲಸಕ್ಕೆ 1929ರಲ್ಲಿ ನೊಬೆಲ್ ಪಡೆದವರು. ಒಬ್ಬ ನೊಬೆಲ್ ವಿಜೇತರ ಬಾಗಿಲಲ್ಲಿ ಸತ್ಯಾಗ್ರಹ ಮಾಡಿ ಬಂದ ಹುಡುಗಿಗೆ ಇನ್ನೊಬ್ಬ ನೊಬೆಲ್ ವಿಜೇತರ ವಿಭಾಗದಲ್ಲಿ ಕಂಡದ್ದು ಬೇರೆಯೇ ಲೋಕ.

ಹಾಪ್ಕಿನ್ಸ್ ವಿಭಾಗದಲ್ಲಿ ಹೆಣ್ಣುಮಕ್ಕಳು ಸಂಶೋಧನೆ ಮಾಡುವುದು ವಿಶೇಷ ಸುದ್ದಿಯೇ ಆಗಿರಲಿಲ್ಲ. ಮುಂದೆ ರಾಯಲ್ ಸೊಸೈಟಿಗೆ ಆಯ್ಕೆಯಾದ ಮೊದಲ ಇಬ್ಬರು ಮಹಿಳೆಯರಲ್ಲಿ ಒಬ್ಬರಾದ ಮಾರ್ಜರಿ ಸ್ಟೀಫನ್‌ಸನ್ ಅಲ್ಲಿದ್ದರು, ಡೊರೊತಿ ನೀಡಮ್ ಅಲ್ಲಿದ್ದರು. 1933ರಲ್ಲಿ ಹಿಟ್ಲರನ ಜರ್ಮನಿಯಿಂದ ಓಡಿಬಂದ ಹ್ಯಾನ್ಸ್ ಕ್ರೆಬ್ಸ್, ಅರ್ನ್‌ಸ್ಟ್ ಚೈನ್ ಅವರಂಥವರಿಗೂ ಇದೇ ವಿಭಾಗ ಆಸರೆ ಕೊಟ್ಟಿತ್ತು. ಮುಂದೆ ಇಬ್ಬರಿಗೂ ನೊಬೆಲ್ ಬಂತು. ಬೇರೆಡೆ ಬೇಡವಾದವರಿಗೆ ಜಾಗ ಕೊಟ್ಟದ್ದರಿಂದ ಹಾಪ್ಕಿನ್ಸ್ ವಿಭಾಗಕ್ಕೆ ನಷ್ಟವೇನೂ ಆಗಲಿಲ್ಲ!

ಕಮಲಾ ಅವರಿಗೆ ಮೊದಲು ಜಾಗ ಕೊಟ್ಟವರು ಡಾ. ಡೆರೆಕ್ ರಿಕ್ಟರ್. ಹಗಲು ಕೆಲಸ ಮಾಡಲು ತಮ್ಮ ಮೇಜನ್ನೇ ಬಿಟ್ಟುಕೊಟ್ಟರು. ರಾತ್ರಿ ಅದೇ ಮೇಜಿನ ಮೇಲೆ ರಿಕ್ಟರ್ ಕಾಲು ಚಾಚಿ ಮಲಗುತ್ತಿದ್ದರಂತೆ. ಬೆಂಗಳೂರಿನಲ್ಲಿ ರಾತ್ರಿ ದುಡಿಯಬೇಕೆಂಬ ಷರತ್ತು, ಇಲ್ಲಿ ಹಗಲಿಗೆಂದೇ ಒಂದು ಮೇಜು.

ರಿಕ್ಟರ್ ಬೇರೆಡೆಗೆ ಹೋದ ಮೇಲೆ ಕಮಲಾ ಡಾ. ರಾಬಿನ್ ಹಿಲ್ ಅವರ ಜೊತೆ ಕೆಲಸ ಮುಂದುವರಿಸಿದರು. ಹಿಲ್ ಸಸ್ಯಗಳ ಮೇಲೆ ಕೆಲಸ ಮಾಡುತ್ತಿದ್ದರು. ಕಮಲಾ ಎತ್ತಿಕೊಂಡದ್ದು ಆಲೂಗಡ್ಡೆ. ಆ ಸಾಮಾನ್ಯ ಗಡ್ಡೆಯ ಕೋಶಗಳಲ್ಲಿ ಅವರು ಪತ್ತೆ ಹಚ್ಚಿದ್ದು 'ಸೈಟೋಕ್ರೋಮ್ ಸಿ' ಎಂಬ ವಸ್ತುವನ್ನು.

ಏನಿದು ಸೈಟೋಕ್ರೋಮ್? ನಾವು ಉಂಡ ಅನ್ನದಿಂದ ಶಕ್ತಿ ಹೊರಬರಬೇಕಾದರೆ ಕೋಶದೊಳಗೆ ಒಂದು ಸರಪಳಿ ಕೆಲಸ ನಡೆಯುತ್ತದೆ. ಎಲೆಕ್ಟ್ರಾನ್‌ಗಳು ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟುತ್ತ ಹೋಗಿ, ಕೊನೆಗೆ ನಾವು ಉಸಿರಾಡಿದ ಆಮ್ಲಜನಕವನ್ನು ಸೇರುತ್ತವೆ. ಬಾವಿಯಿಂದ ಮನೆಗೆ ಸಾಲಾಗಿ ನಿಂತು ಕೊಡ ದಾಟಿಸಿದ ಹಾಗೆ. ಆ ಸಾಲಿನಲ್ಲಿ ನಿಂತ ಒಬ್ಬ ಕೆಲಸಗಾರನೇ ಸೈಟೋಕ್ರೋಮ್ ಸಿ. ನಮ್ಮ ರಕ್ತದ ಹಿಮೋಗ್ಲೋಬಿನ್‌ನಂತೆ ಅದರ ನಡುವೆಯೂ ಒಂದು ಕಬ್ಬಿಣದ ಪರಮಾಣು ಕೂತಿರುತ್ತದೆ. ಪ್ರಾಣಿಗಳಲ್ಲಿ, ಯೀಸ್ಟ್‌ನಲ್ಲಿ ಸೈಟೋಕ್ರೋಮ್‌ಗಳಿರುವುದನ್ನು 1925ರಲ್ಲೇ ಕೇಂಬ್ರಿಡ್ಜ್‌ನ ಡೇವಿಡ್ ಕೈಲಿನ್ ತೋರಿಸಿದ್ದರು. ಗಿಡಗಳ ಕೋಶವೂ ಉಸಿರಾಟಕ್ಕೆ ಇದನ್ನೇ ಬಳಸುತ್ತದೆ ಎಂಬುದು ಕಮಲಾ ಅವರ ಕೆಲಸದಿಂದ ಗಟ್ಟಿಯಾಯಿತು. ಆಲೂಗಡ್ಡೆಯೂ ನಾವೂ ಉಸಿರಾಟದ ಮಟ್ಟಿಗೆ ದೂರದ ನೆಂಟರು.

ಪಿಎಚ್‌ಡಿ ಪ್ರಬಂಧ ಸಿದ್ಧವಾಗಲು ಹಿಡಿದದ್ದು 14 ತಿಂಗಳು. ಟೈಪ್ ಮಾಡಿದ 40 ಪುಟ. ನೂರಾರು ಪುಟ ತುಂಬಿಸಿದರಷ್ಟೇ ಪ್ರಬಂಧ ಎಂದು ನಂಬಿರುವ ನಮ್ಮ ವಿಶ್ವವಿದ್ಯಾಲಯಗಳು ಈ ಸಂಖ್ಯೆಯನ್ನು ಗೋಡೆಗೆ ಬರೆದು ಹಾಕಿಕೊಳ್ಳಬೇಕು. 1939ರಲ್ಲಿ ಡಾಕ್ಟರೇಟ್ ಬಂತು. ತಮಾಷೆ ಎಂದರೆ, ಹೆಣ್ಣುಮಕ್ಕಳನ್ನು ಪದವಿಯ ಪೂರ್ಣ ಹಕ್ಕುಗಳೊಂದಿಗೆ ವಿಶ್ವವಿದ್ಯಾಲಯದ ಸದಸ್ಯರೆಂದು ಕೇಂಬ್ರಿಡ್ಜ್ ಒಪ್ಪಿಕೊಂಡದ್ದು 1948ರಲ್ಲಿ. ಹಾಪ್ಕಿನ್ಸ್ ಅವರ ವಿಭಾಗ ತಾನಿದ್ದ ವಿಶ್ವವಿದ್ಯಾಲಯಕ್ಕಿಂತ ಎಷ್ಟೋ ಮುಂದಿತ್ತು.

ದೆಹಲಿ, ಕೂನೂರು, ಮುಂಬೈ

ವಿದೇಶದಲ್ಲೇ ನೆಲೆಸುವ ಅವಕಾಶವಿತ್ತು. ಆದರೆ ಗಾಂಧೀವಾದಿ ಮನಸ್ಸು ತವರಿಗೆ ಎಳೆಯಿತು. 1939ರಲ್ಲಿ ಮರಳಿದ ಕಮಲಾ ನೇರ ಬಂದದ್ದು ದೆಹಲಿಗೆ. ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಹೊಸದಾಗಿ ಶುರುವಾದ ಜೀವರಸಾಯನ ವಿಭಾಗಕ್ಕೆ ಪ್ರಾಧ್ಯಾಪಕಿ, ಮುಖ್ಯಸ್ಥೆ. ಆಗ ವಯಸ್ಸು 28.

ಇಂದಿರಾಪುರಂ ಕಡೆಯ ಕನ್ನಡಿಗರಿಗೆ ಈ ಕಾಲೇಜು ದೂರದ್ದೇನಲ್ಲ. ವೈಶಾಲಿಯಲ್ಲಿ ಬ್ಲೂ ಲೈನ್ ಮೆಟ್ರೋ ಹತ್ತಿ ರಾಜೀವ್ ಚೌಕ್‌ನಲ್ಲಿ ಇಳಿದರೆ ಕನಾಟ್ ಪ್ಲೇಸ್‌ನ ಆಚೆ ಮಗ್ಗುಲಲ್ಲೇ ಇದೆ. ಹೆಣ್ಣುಮಕ್ಕಳೇ ಓದುವ ವೈದ್ಯಕೀಯ ಕಾಲೇಜಾಗಿ 1916ರಲ್ಲಿ ಶುರುವಾದದ್ದು. ಗಂಡಸರ ವೈದ್ಯರಿಗೆ ಮೈ ತೋರಿಸಲು ಹಿಂಜರಿದು ಹೆರಿಗೆಯಲ್ಲೇ ಸಾಯುತ್ತಿದ್ದ ಹೆಂಗಸರ ಕಾಲದಲ್ಲಿ ಮಹಿಳಾ ವೈದ್ಯರನ್ನು ತಯಾರು ಮಾಡಲೆಂದೇ ಕಟ್ಟಿದ ಕಾಲೇಜು. ಅಂಥ ಕಡೆ ಜೀವರಸಾಯನ ವಿಭಾಗವನ್ನು ನೆಲೆ ನಿಲ್ಲಿಸುವ ಕೆಲಸ ಕಮಲಾ ಪಾಲಿಗೆ ಬಂತು.

ಅಲ್ಲಿಂದ ನೀಲಗಿರಿಯ ಕೂನೂರು. ಬ್ರಿಟಿಷ್ ವೈದ್ಯ ರಾಬರ್ಟ್ ಮೆಕ್‌ಕ್ಯಾರಿಸನ್ ಕಟ್ಟಿದ ಪೌಷ್ಟಿಕಾಂಶ ಸಂಶೋಧನಾ ಪ್ರಯೋಗಾಲಯ ಅಲ್ಲಿತ್ತು. ಇಂದು ಹೈದರಾಬಾದ್‌ನಲ್ಲಿರುವ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ತಾಯಿಬೇರು ಅದು. ಕಮಲಾ ಅಲ್ಲಿ ಸಹಾಯಕ ನಿರ್ದೇಶಕಿಯಾಗಿ ವಿಟಮಿನ್‌ಗಳ ಮೇಲೆ ಕೆಲಸ ಮಾಡಿದರು. ಹೆಸರಾಂತ ಪತ್ರಿಕೆಗಳಲ್ಲಿ ಪ್ರಬಂಧಗಳು ಬಂದವು. ಆದರೆ ಮೇಲಕ್ಕೆ ಏರುವ ಮೆಟ್ಟಿಲು ಕಾಣಲಿಲ್ಲ. ಕೆಲಸ ಬಿಡುವ ಯೋಚನೆ ಬಂದ ಹೊತ್ತಿಗೆ ಎಂ.ವಿ. ಸೊಹೊನಿ ಅವರಿಂದ ಮದುವೆಯ ಪ್ರಸ್ತಾಪ ಬಂತು. ವಿಮಾ ಗಣಿತಜ್ಞರು. 1947ರಲ್ಲಿ ಮದುವೆಯಾಗಿ ಮುಂಬೈಗೆ ಹೋದರು.

ಎಷ್ಟೋ ಮಹಿಳಾ ವಿಜ್ಞಾನಿಗಳ ಕತೆ ಇಲ್ಲಿಗೆ ಮುಗಿಯುತ್ತದೆ. ಕಮಲಾ ಸೊಹೊನಿ ಅವರ ಮುಖ್ಯವಾದ ಕೆಲಸ ಶುರುವಾದದ್ದೇ ಇಲ್ಲಿಂದ.

ಅವರೆಕಾಳಿನ ಗುಟ್ಟು, ನೀರಾದ ಗುಣ

ಮುಂಬೈನ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಹೊಸ ಜೀವರಸಾಯನ ವಿಭಾಗ ತೆರೆದಿತ್ತು. ಪ್ರಾಧ್ಯಾಪಕಿಯಾಗಿ ಸೇರಿದ ಕಮಲಾ ಅಲ್ಲಿ ವಿದ್ಯಾರ್ಥಿಗಳ ಪಡೆಯನ್ನೇ ಬೆಳೆಸಿದರು. ಈಗ ಮೇಜು ಕೊಡುವ ಸ್ಥಾನದಲ್ಲಿ ಅವರೇ ಇದ್ದರು.

ವಿಷಯದ ಆಯ್ಕೆಯಲ್ಲೇ ಅವರ ಮನಸ್ಸು ಕಾಣುತ್ತದೆ. ಕೇಂಬ್ರಿಡ್ಜ್‌ನಲ್ಲಿ ಕಲಿತ ವಿದ್ಯೆಯನ್ನು ಬಡವರ ತಟ್ಟೆಯ ಮೇಲೆ ಪ್ರಯೋಗಿಸಿದರು. ಬೇಳೆಕಾಳು, ಭತ್ತದ ಹಿಟ್ಟು, ನೀರಾ.

ಕಾಳುಗಳ ವಿಷಯ ನೋಡಿ. ಹಸಿ ಕಾಳಿನಲ್ಲಿ ಪ್ರೋಟೀನ್ ಎಷ್ಟೇ ಇರಲಿ, ಅದರ ಜೊತೆಗೇ ಜೀರ್ಣಕ್ಕೆ ಅಡ್ಡಗಾಲು ಹಾಕುವ ವಸ್ತುವೂ ಇರುತ್ತದೆ. ನಮ್ಮ ಕರುಳಿನಲ್ಲಿ ಪ್ರೋಟೀನ್ ಒಡೆಯುವ ಕಿಣ್ವ ಟ್ರಿಪ್ಸಿನ್. ಕಾಳಿನಲ್ಲಿರುವ ಈ ನಿರೋಧಕ ವಸ್ತು ಟ್ರಿಪ್ಸಿನ್‌ನ ಕೈ ಕಟ್ಟಿಹಾಕುತ್ತದೆ. ಸೋಯಾದಲ್ಲಿ ಇಂಥ ನಿರೋಧಕವನ್ನು ಅಮೆರಿಕದಲ್ಲಿ 1940ರ ದಶಕದಲ್ಲಿ ಹರಳಿನ ರೂಪದಲ್ಲಿ ಬೇರ್ಪಡಿಸಿದ್ದರು. ಕಮಲಾ ಮತ್ತು ಅವರ ವಿದ್ಯಾರ್ಥಿಗಳು ನಮ್ಮ ನೆಲದ ತರಕಾರಿ, ಕಾಳುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋದರು. 1955ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರ ಪ್ರಬಂಧವೊಂದು ಪ್ರಕಟವಾಯಿತು. ಡಬಲ್ ಬೀನ್ಸ್ ಹಾಗೂ ಇನ್ನೊಂದು ಕಾಳಿನಿಂದ ಟ್ರಿಪ್ಸಿನ್ ನಿರೋಧಕವನ್ನು ಹರಳಾಗಿ ಬೇರ್ಪಡಿಸಿದ ವರದಿ. ಆ ಇನ್ನೊಂದು ಕಾಳು ಯಾವುದು ಗೊತ್ತೇ? ನಮ್ಮ ಅವರೆಕಾಳು! ಸೊಗಡಿನ ಅವರೆಗಾಗಿ ಡಿಸೆಂಬರ್ ಕಾಯುವ ಬೆಂಗಳೂರು, ಕೋಲಾರ, ಮೈಸೂರಿನವರು ಈ ಪ್ರಬಂಧವನ್ನು ತಮ್ಮದೆಂದೇ ಎಣಿಸಬಹುದು.

ಚೆನ್ನಾಗಿ ಬೇಯಿಸಿದರೆ ಇಂಥ ನಿರೋಧಕಗಳ ಬಹುಪಾಲು ಶಕ್ತಿ ಹೋಗುತ್ತದೆ. ಕಾಳನ್ನು ನೆನೆಸಿ, ಹಿದುಕಿ, ಮೆತ್ತಗಾಗುವವರೆಗೆ ಬೇಯಿಸಬೇಕು ಎಂದು ಅಜ್ಜಿಯರು ಮಾಡಿದ್ದ ಕಟ್ಟಳೆಗೆ ಪ್ರಯೋಗಾಲಯದ ಸಾಕ್ಷಿ ಸಿಕ್ಕಿತು.

ಇನ್ನು ನೀರಾ. ಈಚಲು, ತಾಳೆ ಜಾತಿಯ ಮರಗಳಿಂದ ಇಳಿಸುವ, ಹುಳಿ ಬರುವ ಮುಂಚಿನ ಸಿಹಿ ರಸ. ಬಿಸಿಲೇರಿದರೆ ಹೆಂಡವಾಗುತ್ತದೆ, ಹಾಗಾಗಿ ಸರ್ಕಾರಗಳಿಗೆ ಅದರ ಮೇಲೆ ಸದಾ ಗುಮಾನಿ. ನೀರಾ ಇಳಿಸಲು ಅನುಮತಿ ಕೊಡಿ ಎಂದು ನಮ್ಮ ತೆಂಗು ಬೆಳೆಗಾರರು ವರ್ಷಗಟ್ಟಲೆ ಬೀದಿಗಿಳಿದದ್ದು ನೆನಪಿರಬಹುದು. ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದ್ ಅವರ ಸಲಹೆಯ ಮೇರೆಗೆ ಕಮಲಾ ನೀರಾದ ಪೌಷ್ಟಿಕಾಂಶ ಪರೀಕ್ಷೆಗೆ ಇಳಿದರು. ವಿಟಮಿನ್ ಎ, ವಿಟಮಿನ್ ಸಿ, ಕಬ್ಬಿಣದ ಅಂಶ ಅದರಲ್ಲಿ ಗಣನೀಯವಾಗಿ ಇರುವುದು, ರಸವನ್ನು ಬೆಲ್ಲ ಮಾಡಿದಾಗಲೂ ಇವು ಉಳಿಯುವುದು ಅಧ್ಯಯನಗಳಲ್ಲಿ ಕಂಡಿತು. ಆದಿವಾಸಿ ಸಮುದಾಯಗಳ ಅಪೌಷ್ಟಿಕ ಹದಿಹರೆಯದ ಮಕ್ಕಳ, ಗರ್ಭಿಣಿಯರ ಆಹಾರದಲ್ಲಿ ನೀರಾ ಸೇರಿಸಿದಾಗ ಆರೋಗ್ಯ ಸುಧಾರಿಸಿತು. ಅಗ್ಗದ, ಕೈಗೆಟಕುವ ಪೂರಕ ಆಹಾರ. ಈ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಸಂದಿತು. ಮುಂಬೈನ ಆರೆ ಹಾಲಿನ ಯೋಜನೆಗೂ ಅವರು ಸಲಹೆಗಾರರಾಗಿದ್ದು, ಹಾಲು ಒಡೆಯದಂತೆ ತಡೆಯುವ ವಿಧಾನ ರೂಪಿಸಿಕೊಟ್ಟರು.

ಕುರ್ಚಿಗಾಗಿ ನಾಲ್ಕು ವರ್ಷ

ಇಷ್ಟೆಲ್ಲ ಮಾಡಿದವರು ಸಂಸ್ಥೆಯ ನಿರ್ದೇಶಕಿಯಾಗುವುದು ಸಹಜ ಎಂದುಕೊಂಡಿರಾ? ಆಂತರಿಕ ರಾಜಕೀಯ ಅವರನ್ನು ನಾಲ್ಕು ವರ್ಷ ಆ ಹುದ್ದೆಯಿಂದ ದೂರವಿಟ್ಟಿತು. ಬೆಂಗಳೂರಿನಲ್ಲಿ ಒಳಗೆ ಬರಲು ಒಂದು ವರ್ಷದ ಪರೀಕ್ಷೆ, ಮುಂಬೈನಲ್ಲಿ ಮೇಲೇರಲು ನಾಲ್ಕು ವರ್ಷದ ಕಾಯುವಿಕೆ. ಕೊನೆಗೂ ನಿರ್ದೇಶಕಿಯಾದರು. ಇಂಥ ದೊಡ್ಡ ವಿಜ್ಞಾನ ಸಂಸ್ಥೆಯೊಂದರ ಚುಕ್ಕಾಣಿ ಹಿಡಿದ ಮಹಿಳೆಯರು ಆಗ ದೇಶದಲ್ಲಿ ಕಾಣುತ್ತಲೇ ಇರಲಿಲ್ಲ.

ಇತ್ತ ದೆಹಲಿ ಸುತ್ತಮುತ್ತ ಈಗ ಜೀವವೈದ್ಯ ಸಂಶೋಧನೆಯ ದೊಡ್ಡ ಸಂತೆಯೇ ಇದೆ. ಏಮ್ಸ್, ಜೆಎನ್‌ಯು, ರಾಷ್ಟ್ರೀಯ ರೋಗನಿರೋಧಕ ವಿಜ್ಞಾನ ಸಂಸ್ಥೆ, ಫರೀದಾಬಾದ್‌ನ ಪ್ರಾದೇಶಿಕ ಜೈವಿಕ ತಂತ್ರಜ್ಞಾನ ಕೇಂದ್ರ. ಕರ್ನಾಟಕದ ಸಣ್ಣ ಊರುಗಳಿಂದ, ಕನ್ನಡ ಮಾಧ್ಯಮದಿಂದ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳೂ ಇಂಥ ಕಡೆ ಪಿಎಚ್‌ಡಿಗೆ ಬರುತ್ತಾರೆ. ಅವರಿಗೆ ಕಾಗದದ ಮೇಲೆ ಈಗ ಸಾಕಷ್ಟು ಆಸರೆ ಇದೆ. ಯುಜಿಸಿಯ 2016ರ ನಿಯಮ ಪಿಎಚ್‌ಡಿ ಮುಗಿಸಲು ಮಹಿಳೆಯರಿಗೆ ಎರಡು ವರ್ಷ ಹೆಚ್ಚುವರಿ ಅವಧಿ, 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ ಕೊಟ್ಟಿತು. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಮಹಿಳೆಯರಿಗೆಂದೇ ವೈಸ್-ಕಿರಣ್ ಯೋಜನೆ ನಡೆಸುತ್ತದೆ. ಪರಿಶಿಷ್ಟ ಜಾತಿಯ ಸಂಶೋಧಕರಿಗೆ ರಾಷ್ಟ್ರೀಯ ಫೆಲೋಶಿಪ್ ಇದೆ. ಆದರೆ ಶ್ರೀನಿವಾಸಯ್ಯನಂಥ ಗುರುವನ್ನು, ರಿಕ್ಟರ್‌ನಂತೆ ಮೇಜು ಬಿಟ್ಟುಕೊಡುವವರನ್ನು ಯಾವ ಸುತ್ತೋಲೆಯೂ ಒದಗಿಸಿಕೊಡಲಾರದು. ಕಮಲಾ ಅವರ ಬದುಕಿನಲ್ಲಿ ವಿದ್ಯಾರ್ಥಿವೇತನದಷ್ಟೇ ತೂಕ ಈ ಇಬ್ಬರಿಗೂ ಇತ್ತು.

ಕೊನೆಗೆ ದೆಹಲಿಯ ವೇದಿಕೆ

ಪ್ರಯೋಗಾಲಯದ ಆಚೆಗೂ ಕಮಲಾ ಸುಮ್ಮನೆ ಕೂರಲಿಲ್ಲ. 1966ರಲ್ಲಿ ಮುಂಬೈನಲ್ಲಿ ಒಂಬತ್ತು ಮಹಿಳೆಯರು ಸೇರಿ ಕಟ್ಟಿದ ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘದಲ್ಲಿ ಅವರೂ ಒಬ್ಬರು. ಕಲಬೆರಕೆ, ತೂಕದ ಮೋಸಗಳ ವಿರುದ್ಧ ಗೃಹಿಣಿಯರನ್ನು ಎಚ್ಚರಿಸುವ ಕೆಲಸ. 1982-83ರಲ್ಲಿ ಅದರ ಅಧ್ಯಕ್ಷೆಯಾದರು. ಸಂಘದ 'ಕೀಮತ್' ಪತ್ರಿಕೆಯಲ್ಲಿ ಗ್ರಾಹಕರ ಸುರಕ್ಷತೆಯ ಬಗ್ಗೆ ಬರೆದರು.

ಆದರೆ ದೇಶದ ವಿಜ್ಞಾನ ಲೋಕ ಅವರನ್ನು ಬಹುತೇಕ ಮರೆತಿತ್ತು. ನೆನಪಿಸಿಕೊಂಡದ್ದು ಇನ್ನೊಬ್ಬ ಮಹಿಳೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ಮೊದಲ ಮಹಿಳಾ ಮಹಾನಿರ್ದೇಶಕಿ ಡಾ. ಜಿ.ವಿ. ಸತ್ಯವತಿ. ಗುಗ್ಗುಳದ ಔಷಧ ಗುಣಗಳ ಮೇಲಿನ ಸಂಶೋಧನೆಗೆ ಹೆಸರಾದವರು. ಕಮಲಾ ಅವರ ಕತೆ ತಿಳಿದು ಬೆರಗಾದ ಸತ್ಯವತಿ, 80 ದಾಟಿದ್ದ ಆ ಹಿರಿಯ ಜೀವವನ್ನು ದೆಹಲಿಗೆ ಆಹ್ವಾನಿಸಿದರು. ಐಸಿಎಂಆರ್ ವತಿಯಿಂದ ದೊಡ್ಡ ಸನ್ಮಾನ ಸಮಾರಂಭ. ಆರು ದಶಕಗಳ ಹಿಂದೆ ಪ್ರಾಧ್ಯಾಪಕಿಯಾಗಿ ಬಂದಿಳಿದಿದ್ದ ಅದೇ ನಗರ.

ಸನ್ಮಾನದ ವೇಳೆಯಲ್ಲೇ ಕಮಲಾ ಕುಸಿದರು. ಆ ಬಳಿಕ ಹೆಚ್ಚು ಕಾಲ ಉಳಿಯಲಿಲ್ಲ. 1998ರ ಜೂನ್ 28ರಂದು ತೀರಿಕೊಂಡರು. 87 ತುಂಬಿ ಹತ್ತು ದಿನವಾಗಿತ್ತು.

2023ರ ಜೂನ್ 18ರಂದು, ಅವರ 112ನೇ ಜನ್ಮದಿನಕ್ಕೆ, ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತು. ಅಂದು ಮೊಬೈಲ್ ತೆರೆದ ಎಷ್ಟೋ ಮಂದಿ ಯಾರಿವರು ಎಂದು ಹುಡುಕಿದ್ದು ಅದೇ ಮೊದಲು.